ಅಮೆರಿಕದಲ್ಲಿ ಮನೆಯನ್ನು ದಿನದ ಬಾಡಿಗೆಗೆ ಬಿಡುತ್ತೀರಾ? ಲಾಡ್ಜಿಂಗ್ ಟ್ಯಾಕ್ಸ್ ಕಟ್ಟುವ ಪೂರ್ತಿ ದಾರಿ ಇಲ್ಲಿದೆ

ಟೆಕ್ಸಾಸ್‌ನಲ್ಲಿ ನಾವು ಮೊದಲ ಸಲ ಮನೆಯೊಂದನ್ನು ಏರ್‌ಬಿಎನ್‌ಬಿ ಅನ್ನುವ ಆನ್‌ಲೈನ್ ಬಾಡಿಗೆ ಪ್ಲಾಟ್‌ಫಾರ್ಮ್‌ಗೆ ಹಾಕಿದಾಗ ತೆರಿಗೆಯ ಬಗ್ಗೆ ತಲೆಕೆಡಿಸಿಕೊಳ್ಳಲಿಲ್ಲ. ಪ್ರತಿ ಬುಕಿಂಗ್‌ನ ರಸೀದಿಯಲ್ಲೂ 'ಟ್ಯಾಕ್ಸ್' ಅಂತ ಒಂದು ಸಾಲು ಇರುತ್ತಿತ್ತು. ಪ್ಲಾಟ್‌ಫಾರ್ಮ್ ಎಲ್ಲ ಕಟ್ಟುತ್ತಿದೆ ಅಂದುಕೊಂಡಿದ್ದೆವು. ಒಂದೂವರೆ ವರ್ಷದ ಮೇಲೆ ಊರಿನ ಕಚೇರಿಯಿಂದ ಪತ್ರ ಬಂತು. ಆ ಸಾಲಿನಲ್ಲಿದ್ದದ್ದು ರಾಜ್ಯದ ಪಾಲು ಮಾತ್ರ. ಊರಿನ ಪಾಲನ್ನು ಯಾರೂ ವಸೂಲಿ ಮಾಡಿರಲಿಲ್ಲ, ಯಾರೂ ಕಟ್ಟಿರಲಿಲ್ಲ. ಬಂದು ಹೋದ ಗೆಸ್ಟ್‌ಗಳನ್ನು ಹುಡುಕಿ ಈಗ ಕೊಡಿ ಅನ್ನುವುದಕ್ಕಾಗುತ್ತಾ? ಪೂರ್ತಿ ಹಣ ನಮ್ಮ ಕೈಯಿಂದಲೇ ಹೋಯಿತು, ದಂಡ ಬೇರೆ.

ಎರಡನೇ ಮನೆ ಕೊಂಡು ದಿನದ ಬಾಡಿಗೆಗೆ ಬಿಡುವ ಕನ್ನಡದವರು ಈಗ ಜಾಸ್ತಿ ಆಗಿದ್ದಾರೆ. ಒಬ್ಬರನ್ನು ಕೇಳಿದರೆ "ಅದೆಲ್ಲ ಆಟೊಮ್ಯಾಟಿಕ್" ಅನ್ನುತ್ತಾರೆ. ಇನ್ನೊಬ್ಬರು "ಹೋಟೆಲಿಗೆ ಮಾತ್ರ" ಅನ್ನುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ನಾವು ಮಾಡಿದ ತಪ್ಪು ನಿಮಗೆ ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದು ಏನು ತೆರಿಗೆ ಅಂತ ತಿಳಿದುಕೊಳ್ಳಿ

ರಾತ್ರಿ ತಂಗುವ ಗೆಸ್ಟ್ ಕೊಡಬೇಕಾದ ತೆರಿಗೆ ಇದು. ಅದನ್ನು ಗೆಸ್ಟ್‌ನಿಂದ ಪಡೆದು ಸರ್ಕಾರಕ್ಕೆ ತಲುಪಿಸುವುದು ಹೋಟೆಲ್‌ನವರ ಅಥವಾ ಮನೆ ಬಾಡಿಗೆಗೆ ಕೊಡುವ ಹೋಸ್ಟ್‌ನ ಕೆಲಸ. ಮಧ್ಯದಲ್ಲಿ ಅದು ನಿಮ್ಮ ಬ್ಯಾಂಕ್ ಖಾತೆಯಲ್ಲಿ ಕೆಲವು ದಿನ ಕೂತಿರುತ್ತದೆ, ಅಷ್ಟೇ. ಬೇರೆಯವರ ದುಡ್ಡನ್ನು ನಂಬಿಕೆಯ ಮೇಲೆ ಇಟ್ಟುಕೊಂಡಂತೆ ಕಾನೂನು ಇದನ್ನು ನೋಡುತ್ತದೆ. ಅದಕ್ಕೇ ವಸೂಲಿ ಮಾಡಿ ಕಟ್ಟದೆ ಇರುವುದು ಬೇರೆ ಬಾಕಿಗಳಿಗಿಂತ ದೊಡ್ಡ ತಪ್ಪು.

ಒಂದೇ ತೆರಿಗೆಗೆ ಜಾಗಕ್ಕೊಂದು ಹೆಸರು. ಟೆಕ್ಸಾಸ್‌ನಲ್ಲಿ ಹೋಟೆಲ್ ಆಕ್ಯುಪೆನ್ಸಿ ಟ್ಯಾಕ್ಸ್. ಕ್ಯಾಲಿಫೋರ್ನಿಯಾದಲ್ಲಿ ಟ್ರಾನ್ಸಿಯೆಂಟ್ ಆಕ್ಯುಪೆನ್ಸಿ ಟ್ಯಾಕ್ಸ್, ಜನ ಕರೆಯುವುದು ಟಿಒಟಿ. ಫ್ಲಾರಿಡಾದ ಕೌಂಟಿಗಳಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಟೂರಿಸ್ಟ್ ಡೆವಲಪ್‌ಮೆಂಟ್ ಟ್ಯಾಕ್ಸ್, ಆಡುಮಾತಿನಲ್ಲಿ ಬೆಡ್ ಟ್ಯಾಕ್ಸ್. ಹವಾಯಿಯಲ್ಲಿ ಟ್ರಾನ್ಸಿಯೆಂಟ್ ಅಕಾಮೊಡೇಶನ್ಸ್ ಟ್ಯಾಕ್ಸ್. ಹೆಸರಿನಲ್ಲಿ 'ಹೋಟೆಲ್' ಅಂತ ಇದ್ದರೂ ಮನೆಯ ಒಂದು ಕೋಣೆ, ಹಿತ್ತಲಿನ ಪುಟ್ಟ ಮನೆ, ಕಾಂಡೊ ಎಲ್ಲ ಅದರೊಳಗೇ ಬರುತ್ತವೆ. ಟೆಕ್ಸಾಸ್ ಕಾನೂನಿನಲ್ಲಿ ಹೋಟೆಲ್ ಅನ್ನುವ ಪದದ ಅರ್ಥದಲ್ಲೇ ಶಾರ್ಟ್ ಟರ್ಮ್ ರೆಂಟಲ್ ಸೇರಿದೆ. "ನಮ್ಮದು ಹೋಟೆಲ್ ಅಲ್ವಲ್ಲ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಹೆಜ್ಜೆ 1: ಮನೆ ಯಾರ ಗಡಿಯೊಳಗಿದೆ ಅಂತ ನೋಡಿ

ಸುಮ್ನೆ ವಿಳಾಸ ನೋಡಿ ತೀರ್ಮಾನಿಸಬೇಡಿ. ವಿಳಾಸದಲ್ಲಿರುವ ಊರಿನ ಹೆಸರು ಅಂಚೆಯವರ ಅನುಕೂಲಕ್ಕೆ ಇರುವುದು. ತೆರಿಗೆಯ ಗಡಿ ಬೇರೆ. 'ಆಸ್ಟಿನ್, ಟೆಕ್ಸಾಸ್' ಅಂತ ಪತ್ರ ಬರುವ ಎಷ್ಟೋ ಮನೆಗಳು ಆಸ್ಟಿನ್ ನಗರದ ಗಡಿಯಿಂದ ಹೊರಗಿವೆ. ಲಾಸ್ ಏಂಜಲಿಸ್ ಕಡೆ ಇನ್ನೂ ಗೊಂದಲ. ನಗರದ ಒಳಗಿದ್ದರೆ ತೆರಿಗೆ ಶೇ 14. ಯಾವ ನಗರಕ್ಕೂ ಸೇರದ ಕೌಂಟಿ ಜಾಗದಲ್ಲಿದ್ದರೆ ಶೇ 12. ಬೆವರ್ಲಿ ಹಿಲ್ಸ್, ಸಾಂತಾ ಮೋನಿಕಾ ಇವೆಲ್ಲ ಸ್ವಂತ ನಿಯಮ ಇರುವ ಬೇರೆ ಬೇರೆ ನಗರಗಳು. ರಸ್ತೆ ದಾಟಿದರೆ ದರ ಬದಲಾಗಬಹುದು, ಕಟ್ಟುವ ಕಚೇರಿಯೂ ಬದಲಾಗಬಹುದು.

ಪತ್ತೆ ಮಾಡುವ ದಾರಿ ಸುಲಭ. ನಿಮ್ಮ ಆಸ್ತಿ ತೆರಿಗೆಯ ಬಿಲ್ ತೆಗೆಯಿರಿ. ಅದರಲ್ಲಿ ಯಾವ ಯಾವ ಸಂಸ್ಥೆಗೆ ತೆರಿಗೆ ಹೋಗುತ್ತದೆ ಅಂತ ಪಟ್ಟಿ ಇರುತ್ತದೆ. ನಗರದ ಹೆಸರು ಇದ್ದರೆ ಒಳಗಿದ್ದೀರಿ. ಕೌಂಟಿ ಮಾತ್ರ ಇದ್ದರೆ ಹೊರಗೆ. ಕೌಂಟಿಯ ಅಸೆಸರ್ ಅಥವಾ ಅಪ್ರೈಸಲ್ ಕಚೇರಿಯ ನಕ್ಷೆಯಲ್ಲೂ ಇದನ್ನೇ ನೋಡಬಹುದು. ಆ ಪುಟದ ಒಂದು ಚಿತ್ರ ತೆಗೆದು ಇಟ್ಟುಕೊಳ್ಳಿ.

ಹೆಜ್ಜೆ 2: ಎಷ್ಟು ಪದರ ಇದೆ ಅಂತ ಬಿಡಿಸಿ ಬರೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಗೆಸ್ಟ್‌ಗೆ ಕಾಣುವುದು ಒಂದು ಮೊತ್ತ. ಒಳಗೆ ಎರಡು, ಮೂರು, ಕೆಲವು ಕಡೆ ನಾಲ್ಕು ತೆರಿಗೆಗಳು ಒಂದರ ಮೇಲೊಂದು ಕೂತಿರುತ್ತವೆ.

ಹ್ಯೂಸ್ಟನ್ ತೆಗೆದುಕೊಳ್ಳಿ. ಒಟ್ಟು ಶೇ 17. ಅದರಲ್ಲಿ ಟೆಕ್ಸಾಸ್ ರಾಜ್ಯದ್ದು 6, ಹ್ಯೂಸ್ಟನ್ ನಗರದ್ದು 7, ಹ್ಯಾರಿಸ್ ಕೌಂಟಿಯದ್ದು 2, ಕ್ರೀಡಾಂಗಣಗಳನ್ನು ನೋಡಿಕೊಳ್ಳುವ ಸ್ಪೋರ್ಟ್ಸ್ ಅಥಾರಿಟಿಯದ್ದು 2. ಒಬ್ಬ ಗೆಸ್ಟ್, ಒಂದು ರಾತ್ರಿ, ನಾಲ್ಕು ಪಾಲು.

ಡಿಸ್ನಿ ನೋಡಲು ಬರುವವರಿಗಾಗಿ ಕಿಸಿಮ್ಮಿಯಲ್ಲಿ ಮನೆ ಇಟ್ಟಿರುವವರು ಆಸಿಯೋಲಾ ಕೌಂಟಿಗೆ ಬರುತ್ತಾರೆ. ಅಲ್ಲಿ ಒಟ್ಟು ಶೇ 13.5. ಫ್ಲಾರಿಡಾ ರಾಜ್ಯದ 6, ಅದರ ಜೊತೆ ಕೌಂಟಿಯ ಸರ್‌ಟ್ಯಾಕ್ಸ್ ಅಂದರೆ ಹೆಚ್ಚುವರಿ ತೆರಿಗೆ 1.5. ಈ ಏಳೂವರೆಯನ್ನು ಕಟ್ಟುವುದು ರಾಜ್ಯದ ರೆವೆನ್ಯೂ ಇಲಾಖೆಗೆ. ಉಳಿದ 6 ಬೆಡ್ ಟ್ಯಾಕ್ಸ್. ಅದು ಹೋಗುವುದು ಕೌಂಟಿಯ ಟ್ಯಾಕ್ಸ್ ಕಲೆಕ್ಟರ್ ಕಚೇರಿಗೆ. ಪಕ್ಕದ ಆರೆಂಜ್ ಕೌಂಟಿಯಲ್ಲಿ, ಅಂದರೆ ಒರ್ಲ್ಯಾಂಡೊದಲ್ಲಿ, ಸರ್‌ಟ್ಯಾಕ್ಸ್ 0.5 ಮಾತ್ರ, ಹಾಗಾಗಿ ಒಟ್ಟು 12.5. ಅಲ್ಲಿ ಬೆಡ್ ಟ್ಯಾಕ್ಸ್ ನೋಡಿಕೊಳ್ಳುವುದು ಕಾಂಪ್ಟ್ರೋಲರ್ ಕಚೇರಿ. ಎರಡೂ ಕಡೆ ಮನೆ ಇರುವವರು ಮೂರು ಕಡೆ ರಿಟರ್ನ್ ಹಾಕಬೇಕಾದೀತು.

ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಪಾಲೇ ಇಲ್ಲ. ಟಿಒಟಿ ಪೂರ್ತಿ ನಗರದ್ದು ಅಥವಾ ಕೌಂಟಿಯದ್ದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶೇ 14. ಸ್ಯಾನ್ ಡಿಯಾಗೊದಲ್ಲಿ 2025ರ ಮೇ 1ರಿಂದ ನಗರವನ್ನು ಮೂರು ವಲಯ ಮಾಡಿ 11.75, 12.75, 13.75 ಅಂತ ಮೂರು ದರ ಇಟ್ಟಿದ್ದಾರೆ. ಕನ್ವೆನ್ಶನ್ ಸೆಂಟರಿಗೆ ಹತ್ತಿರವಾದಷ್ಟೂ ದರ ಜಾಸ್ತಿ.

ಹವಾಯಿ ಎಲ್ಲಕ್ಕಿಂತ ಭಾರ. ರಾಜ್ಯದ ಲಾಡ್ಜಿಂಗ್ ತೆರಿಗೆ 2026ರ ಜನವರಿ 1ರಿಂದ ಶೇ 11 ಆಗಿದೆ. ಮೊದಲು 10.25 ಇತ್ತು. ಇದರ ಮೇಲೆ ಕೌಂಟಿಯ 3. ಅದರ ಜೊತೆ ಜನರಲ್ ಎಕ್ಸೈಸ್ ಟ್ಯಾಕ್ಸ್, ಅಂದರೆ ವ್ಯಾಪಾರದಿಂದ ಬಂದ ಹಣದ ಮೇಲಿನ ರಾಜ್ಯದ ತೆರಿಗೆ. ಓಅಹು ದ್ವೀಪದಲ್ಲಿ ಈ ಎಕ್ಸೈಸ್ 4.5, ಆದರೆ ಗೆಸ್ಟ್‌ಗೆ ದಾಟಿಸುವಾಗ ಗರಿಷ್ಠ 4.712 ಹಾಕಬಹುದು. ದಾಟಿಸಿದ ಆ ತೆರಿಗೆಯ ಹಣವೂ ನಿಮ್ಮ ಆದಾಯ ಅಂತ ಲೆಕ್ಕವಾಗಿ, ಅದಕ್ಕೂ ತೆರಿಗೆ ಬೀಳುತ್ತದೆ. ಆ ಚೂರು ಹೆಚ್ಚಿರುವುದು ಅದಕ್ಕೇ. ಒಟ್ಟು ಸುಮಾರು ಶೇ 18.7.

ಎಲ್ಲ ಕಡೆ ಬರೀ ಶೇಕಡಾ ಲೆಕ್ಕ ಅಂತಲೂ ಇಲ್ಲ. ನ್ಯೂಯಾರ್ಕ್ ನಗರದ ಹೋಟೆಲ್ ಬಿಲ್ ನೋಡಿ. ಸೇಲ್ಸ್ ಟ್ಯಾಕ್ಸ್ 8.875, ನಗರದ ಹೋಟೆಲ್ ತೆರಿಗೆ 5.875, ಎರಡೂ ಸೇರಿ 14.75. ಇದಲ್ಲದೆ ದಿನಕ್ಕೆ 2 ಡಾಲರ್ ಒಂದು, ಒಂದೂವರೆ ಡಾಲರ್ ಇನ್ನೊಂದು. 200 ಡಾಲರ್ ಕೋಣೆಗೆ ಒಂದು ರಾತ್ರಿಗೆ 29.50 ಮತ್ತು 3.50, ಒಟ್ಟು 33 ಡಾಲರ್.

ಈಗ ನಿಮ್ಮ ಮನೆಗೆ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿ: ಯಾವ ತೆರಿಗೆ, ದರ ಎಷ್ಟು, ಯಾವ ಕಚೇರಿ, ಯಾರು ಕಟ್ಟುತ್ತಾರೆ. ಕೊನೆಯ ಕಾಲಂ ಸದ್ಯಕ್ಕೆ ಖಾಲಿ ಬಿಡಿ. ದರಗಳು ಮತದಾನದಲ್ಲೋ ಹೊಸ ಕಾನೂನಿನಲ್ಲೋ ಬದಲಾಗುತ್ತಲೇ ಇರುತ್ತವೆ. ಆದ್ದರಿಂದ ಪ್ರತಿ ಜನವರಿಯಲ್ಲೂ ಜುಲೈಯಲ್ಲೂ ಈ ಹಾಳೆಯನ್ನು ಕಚೇರಿಗಳ ವೆಬ್‌ಸೈಟ್ ಜೊತೆ ಹೋಲಿಸಿ ನೋಡಿ.

ಹೆಜ್ಜೆ 3: ಬಾಡಿಗೆಗೆ ಬಿಡಲು ಅನುಮತಿ ಇದೆಯಾ?

ತೆರಿಗೆ ಕಟ್ಟಿದ ಮಾತ್ರಕ್ಕೆ ಬಾಡಿಗೆ ಕಾನೂನುಬದ್ಧ ಆಗುವುದಿಲ್ಲ. ಪರ್ಮಿಟ್ ಬೇರೆ, ತೆರಿಗೆ ಖಾತೆ ಬೇರೆ. ನ್ಯೂಯಾರ್ಕ್ ನಗರದಲ್ಲಿ ಲೋಕಲ್ ಲಾ 18 ಅನ್ನು 2023ರ ಸೆಪ್ಟೆಂಬರ್ 5ರಿಂದ ಬಿಗಿಯಾಗಿ ಜಾರಿ ಮಾಡಿದ್ದಾರೆ. 30 ದಿನಕ್ಕಿಂತ ಕಡಿಮೆ ಬಿಡುವವರು ನಗರದಲ್ಲಿ ನೋಂದಾಯಿಸಿಕೊಳ್ಳಬೇಕು. ಗೆಸ್ಟ್ ಇರುವಾಗ ಹೋಸ್ಟ್ ಅದೇ ಮನೆಯಲ್ಲಿರಬೇಕು. ಇಬ್ಬರಿಗಿಂತ ಹೆಚ್ಚು ಗೆಸ್ಟ್ ಇರುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೋಸ್ಟ್ ಮನೆಯಲ್ಲಿ ಇಲ್ಲದೆ ಬಿಡುವುದಕ್ಕೆ ವರ್ಷಕ್ಕೆ 90 ರಾತ್ರಿಯ ಮಿತಿ ಇದೆ. ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ನಿಯಮವನ್ನೂ ಮೊದಲೇ ಓದಿ.

ಹೆಜ್ಜೆ 4: ಪ್ಲಾಟ್‌ಫಾರ್ಮ್ ಏನು ಕಟ್ಟುತ್ತಿದೆ, ಏನು ಬಿಟ್ಟಿದೆ

ಇಲ್ಲಿ ನಿಧಾನ ಮಾಡಿ. ನಮ್ಮ ದುಡ್ಡು ಹೋದದ್ದು ಇದೇ ಹೆಜ್ಜೆಯನ್ನು ಬಿಟ್ಟದ್ದಕ್ಕೆ.

ಮೊದಮೊದಲು ಏರ್‌ಬಿಎನ್‌ಬಿ ಒಂದೊಂದೇ ಊರಿನ ಜೊತೆ ಒಪ್ಪಂದ ಮಾಡಿಕೊಂಡು ವಸೂಲಿ ಶುರು ಮಾಡಿತು. 2014ರಲ್ಲಿ ಪೋರ್ಟ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೊ. 2017ರ ಮೇ ತಿಂಗಳಿಂದ ಟೆಕ್ಸಾಸ್ ರಾಜ್ಯದ ಶೇ 6. ಆಮೇಲೆ 2018ರ ಜೂನ್ 21ರಂದು ಸೌತ್ ಡಕೋಟ ರಾಜ್ಯ ಮತ್ತು ವೇಫೇರ್ ಅನ್ನುವ ಆನ್‌ಲೈನ್ ಅಂಗಡಿಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಂದು ರಾಜ್ಯದಲ್ಲಿ ಅಂಗಡಿಯೋ ಕಚೇರಿಯೋ ಇಲ್ಲದಿದ್ದರೂ ಅಲ್ಲಿ ಮಾರಾಟ ಮಾಡುವವರ ಮೇಲೆ ತೆರಿಗೆ ವಸೂಲಿಯ ಹೊಣೆ ಹಾಕಬಹುದು ಅಂತ. ಅದಾದ ಮೇಲೆ ರಾಜ್ಯಗಳು ಒಂದರ ಹಿಂದೆ ಒಂದು 'ಮಾರ್ಕೆಟ್‌ಪ್ಲೇಸ್ ಫೆಸಿಲಿಟೇಟರ್' ಕಾನೂನು ತಂದವು. ಬುಕಿಂಗ್ ಮಾಡಿಸುವ ಪ್ಲಾಟ್‌ಫಾರ್ಮ್‌ಗಳೇ ತೆರಿಗೆ ವಸೂಲಿ ಮಾಡಬೇಕು ಅನ್ನುವುದು ಇವುಗಳ ಸಾರ. ನ್ಯೂಯಾರ್ಕ್ ರಾಜ್ಯ 2025ರ ಮಾರ್ಚ್ 25ರಿಂದ ಶಾರ್ಟ್ ಟರ್ಮ್ ರೆಂಟಲ್‌ಗಳಿಗೆ ಸೇಲ್ಸ್ ಟ್ಯಾಕ್ಸ್ ಹಾಕಿದ್ದೂ ಇದೇ ದಾರಿಯಲ್ಲಿ.

ಆದರೆ ಈ ಕಾನೂನುಗಳು ಹೆಚ್ಚಾಗಿ ರಾಜ್ಯದ ತೆರಿಗೆಯನ್ನು ಹಿಡಿಯುತ್ತವೆ. ಊರಿನದು, ಕೌಂಟಿಯದು ಹೊರಗೆ ಉಳಿಯಬಹುದು. ಒಂದು ಪ್ಲಾಟ್‌ಫಾರ್ಮ್ ಕಟ್ಟುವುದನ್ನು ಇನ್ನೊಂದು ಕಟ್ಟದೆ ಇರಬಹುದು. ನಿಮ್ಮ ಸ್ವಂತ ವೆಬ್‌ಸೈಟಿನಿಂದಲೋ ಪರಿಚಯದವರಿಂದಲೋ ಬಂದ ಬುಕಿಂಗ್‌ಗೆ ಯಾರೂ ಕಟ್ಟುವುದಿಲ್ಲ, ನೀವೇ ಕಟ್ಟಬೇಕು. ಹಬ್ಬಕ್ಕೆ ಅಂತ ಬಂದ ಗೆಳೆಯರ ಗುಂಪು ಝೆಲ್‌ನಲ್ಲಿ (ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಸೇವೆ) ಬಾಡಿಗೆ ಕಳಿಸಿದರೂ ಅದು ಬಾಡಿಗೆಯೇ.

ಹೀಗೆ ಮಾಡಿ. ಹೋಸ್ಟ್ ಖಾತೆಗೆ ಹೋಗಿ ನಿಮ್ಮ ಲಿಸ್ಟಿಂಗ್‌ನ ತೆರಿಗೆ ಪುಟ ತೆರೆಯಿರಿ. ಪ್ಲಾಟ್‌ಫಾರ್ಮ್ ಯಾವ ತೆರಿಗೆಗಳನ್ನು ವಸೂಲಿ ಮಾಡುತ್ತಿದೆ ಅಂತ ಹೆಸರು ಸಮೇತ ಇರುತ್ತದೆ. ಒಂದು ಹಳೆಯ ಬುಕಿಂಗ್‌ನ ತೆರಿಗೆ ವಿವರ ತೆಗೆದು, ಮೊತ್ತವನ್ನು ಕ್ಲೀನಿಂಗ್ ಫೀಸ್ ಸೇರಿದ ಬಾಡಿಗೆಯಿಂದ ಭಾಗಿಸಿ ಶೇಕಡಾ ಲೆಕ್ಕ ಹಾಕಿ. ಹ್ಯೂಸ್ಟನ್‌ನಲ್ಲಿ 17 ಬರಬೇಕಾದ ಕಡೆ 6 ಬಂದರೆ ವಿಷಯ ಗೊತ್ತಾಯಿತು. ನಂತರ ಊರಿನ ಕಚೇರಿಗೆ ಇಮೇಲ್ ಬರೆಯಿರಿ: "ನನ್ನ ಮನೆ ಈ ವಿಳಾಸದಲ್ಲಿದೆ, ಈ ಪ್ಲಾಟ್‌ಫಾರ್ಮ್ ನಿಮ್ಮ ತೆರಿಗೆ ಕಟ್ಟುತ್ತಿದೆಯೇ? ಕಟ್ಟುತ್ತಿದ್ದರೂ ನಾನು ರಿಟರ್ನ್ ಹಾಕಬೇಕೇ?" ಫೋನಿನಲ್ಲಿ ಕೇಳಬೇಡಿ. ಬರಹದಲ್ಲಿ ಬಂದ ಉತ್ತರವೇ ನಾಳೆ ನಿಮ್ಮನ್ನು ಕಾಯುವುದು. ಆ ಉತ್ತರ ಬಂದ ಮೇಲೆ ಹಾಳೆಯ ಖಾಲಿ ಕಾಲಂ ತುಂಬಿ.

ಪ್ರಾಪರ್ಟಿ ಮ್ಯಾನೇಜರ್ ಇಟ್ಟಿದ್ದರೆ ಒಪ್ಪಂದದಲ್ಲಿ ಯಾವ ತೆರಿಗೆ ಯಾರು ಕಟ್ಟಬೇಕು ಅಂತ ಸ್ಪಷ್ಟವಾಗಿ ಬರೆಸಿ. ಪ್ರತಿ ತಿಂಗಳೂ ಕಟ್ಟಿದ ರಸೀದಿ ಕೇಳಿ. ಅವರು ಕಟ್ಟದಿದ್ದರೆ ಸಾಮಾನ್ಯವಾಗಿ ಪತ್ರ ಬರುವುದು ಮನೆಯ ಯಜಮಾನರ ಹೆಸರಿಗೇ.

ಹೆಜ್ಜೆ 5: ನೋಂದಣಿ

ಮೊದಲ ಗೆಸ್ಟ್ ಬರುವ ಮುಂಚೆಯೇ ಇದು ಮುಗಿದಿರಬೇಕು. ನೀವೇ ಕಟ್ಟಬೇಕಾದ ಪ್ರತಿ ಪದರಕ್ಕೂ ಒಂದು ಖಾತೆ ತೆರೆಯಬೇಕು. ಬೇಕಾಗುವುದು ಮನೆಯ ವಿಳಾಸ, ಪಾರ್ಸೆಲ್ ಸಂಖ್ಯೆ (ಕೌಂಟಿ ದಾಖಲೆಯಲ್ಲಿ ಆಸ್ತಿಯ ಸಂಖ್ಯೆ), ನಿಮ್ಮ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಅಥವಾ ಕಂಪನಿಯ ಇಐಎನ್ (ತೆರಿಗೆ ಗುರುತಿನ ಸಂಖ್ಯೆ), ಬಾಡಿಗೆ ಶುರುವಾಗುವ ದಿನಾಂಕ. ಮನೆ ಎಲ್‌ಎಲ್‌ಸಿ ಅಂದರೆ ಸಣ್ಣ ಕಂಪನಿಯ ಹೆಸರಲ್ಲಿದ್ದರೆ ಖಾತೆಯನ್ನೂ ಅದೇ ಹೆಸರಲ್ಲಿ ಮಾಡಿ. ಶುಲ್ಕ ಹೆಚ್ಚಿನ ಕಡೆ ಇಲ್ಲ, ಇದ್ದರೂ ಕಡಿಮೆ. ಹವಾಯಿಯಲ್ಲಿ ಒಂದರಿಂದ ಐದು ಮನೆ ಇರುವವರಿಗೆ ಲಾಡ್ಜಿಂಗ್ ತೆರಿಗೆಯ ನೋಂದಣಿ 5 ಡಾಲರ್, ಎಕ್ಸೈಸ್ ಲೈಸೆನ್ಸ್ 20 ಡಾಲರ್. ಆದರೆ ಅಲ್ಲಿ ಆನ್‌ಲೈನ್ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಕಾಣಲೇಬೇಕು. ಕೌಂಟಿಯ 3ಕ್ಕೆ ಬೇರೆ ನೋಂದಣಿ.

ಹೆಜ್ಜೆ 6: ಯಾವ ಮೊತ್ತದ ಮೇಲೆ ತೆರಿಗೆ?

ಬಾಡಿಗೆಯ ಮೇಲೆ ಅನ್ನುವುದು ಎಲ್ಲರಿಗೂ ಗೊತ್ತು. ಕ್ಲೀನಿಂಗ್ ಫೀಸ್ ಬಂದಾಗ ಗೊಂದಲ. ಗೆಸ್ಟ್ ಅದನ್ನು ಕೊಡಲೇಬೇಕು, ಕೊಡದೆ ಕೋಣೆ ಸಿಗುವುದಿಲ್ಲ ಅಂದರೆ ಬಹುತೇಕ ಎಲ್ಲ ಕಡೆ ಅದೂ ಬಾಡಿಗೆಯ ಭಾಗವೇ. ಹೋಟೆಲ್‌ಗಳ ರೆಸಾರ್ಟ್ ಫೀಸ್‌ಗೂ ಇದೇ ತರ್ಕ. ನಾಯಿ ಕರೆತಂದದ್ದಕ್ಕೆ, ಹೆಚ್ಚುವರಿ ಗೆಸ್ಟ್‌ಗೆ ತೆಗೆದುಕೊಳ್ಳುವ ಹಣವೂ ಸಾಮಾನ್ಯವಾಗಿ ಸೇರುತ್ತದೆ. ವಾಪಸ್ ಕೊಡುವ ಡೆಪಾಸಿಟ್ ಸೇರುವುದಿಲ್ಲ. ಬುಕಿಂಗ್ ರದ್ದಾದಾಗ ಇಟ್ಟುಕೊಂಡ ಹಣದ ನಿಯಮ ಊರಿಂದ ಊರಿಗೆ ಬೇರೆ, ಅದನ್ನು ಕೇಳಿಯೇ ತಿಳಿದುಕೊಳ್ಳಬೇಕು.

ಲೆಕ್ಕ ಹಾಕಿ ನೋಡೋಣ. ಹ್ಯೂಸ್ಟನ್ ಮನೆ, ರಾತ್ರಿಗೆ 150 ಡಾಲರ್, ಮೂರು ರಾತ್ರಿ. 450. ಕ್ಲೀನಿಂಗ್ 90. ಒಟ್ಟು 540. ರಾಜ್ಯದ ಶೇ 6 ಅಂದರೆ 32.40. ಉಳಿದ ಶೇ 11 ಅಂದರೆ 59.40. ಗೆಸ್ಟ್ ಕೊಡಬೇಕಾದ ತೆರಿಗೆ 91.80. ಪ್ಲಾಟ್‌ಫಾರ್ಮ್ ರಾಜ್ಯದ್ದು ಮಾತ್ರ ವಸೂಲಿ ಮಾಡುತ್ತಿದೆ ಅಂದುಕೊಳ್ಳಿ. 59.40 ಅನ್ನು ನೀವು ಲಿಸ್ಟಿಂಗ್‌ನಲ್ಲಿ ಸೇರಿಸದೆ ಹೋದರೆ ಈ ಒಂದು ಬುಕಿಂಗ್‌ನಲ್ಲೇ ಅಷ್ಟು ನಿಮ್ಮ ಜೇಬಿನಿಂದ ಹೋಗುತ್ತದೆ. ವರ್ಷಕ್ಕೆ 40 ಬುಕಿಂಗ್ ಆದರೆ 2,376 ಡಾಲರ್.

"ತೆರಿಗೆ ಸೇರಿಸಿಯೇ 540" ಅಂತ ಗೆಸ್ಟ್‌ಗೆ ಹೇಳಿದ್ದರೆ ಲೆಕ್ಕ ಬೇರೆ. ಆಗ 540 ಅನ್ನು 1.17ರಿಂದ ಭಾಗಿಸಬೇಕು. ಬಾಡಿಗೆ 461.54, ತೆರಿಗೆ 78.46. ಆದರೆ ಹೀಗೆ ಹಿಂದಕ್ಕೆ ಲೆಕ್ಕ ಹಾಕಲು ಹಲವು ಊರುಗಳು ಒಪ್ಪುವುದಿಲ್ಲ. ರಸೀದಿಯಲ್ಲಿ ತೆರಿಗೆ ಪ್ರತ್ಯೇಕ ಸಾಲಾಗಿ ಕಾಣಬೇಕು ಅನ್ನುತ್ತವೆ. ಮೊದಲ ದಿನದಿಂದಲೇ ಬೇರೆ ಸಾಲು ಹಾಕಿಬಿಡಿ.

ಗೆಸ್ಟ್ ಕೊಟ್ಟ ಬೆಲೆಯ ಮೇಲೋ, ಹೋಟೆಲ್ ಕೈಗೆ ಬಂದ ಬೆಲೆಯ ಮೇಲೋ ಅನ್ನುವ ಪ್ರಶ್ನೆ ಸಣ್ಣದಲ್ಲ. ಸ್ಯಾನ್ ಆಂಟೋನಿಯೊ ಮುಂದಾಳತ್ವದಲ್ಲಿ ಟೆಕ್ಸಾಸ್‌ನ 173 ಊರುಗಳು ಆನ್‌ಲೈನ್ ಬುಕಿಂಗ್ ಕಂಪನಿಗಳ ಮೇಲೆ ವರ್ಷಗಟ್ಟಲೆ ಕೇಸು ನಡೆಸಿದ್ದು ಇದಕ್ಕೇ. 2017ರಲ್ಲಿ ಮೇಲ್ಮನವಿ ಕೋರ್ಟ್ ಕಂಪನಿಗಳ ಪರ ತೀರ್ಪು ಕೊಟ್ಟಿತು. ಕಂಪನಿಗಳು ತಮಗೆ ಅಂತ ಇಟ್ಟುಕೊಂಡ ಪಾಲಿನ ಮೇಲೆ ತೆರಿಗೆ ಇಲ್ಲ ಅಂತ. ಕೊನೆಗೆ ಕೋರ್ಟ್ ಖರ್ಚು ಯಾರು ಕೊಡಬೇಕು ಅನ್ನುವುದು 2021ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಅಲ್ಲೂ ಊರುಗಳು ಸೋತವು. ಬೇರೆ ರಾಜ್ಯಗಳಲ್ಲಿ ಕಾನೂನಿನ ಮಾತುಗಳೇ ಬೇರೆ. ಅದಕ್ಕೇ ಪ್ಲಾಟ್‌ಫಾರ್ಮ್‌ನ ಸರ್ವಿಸ್ ಫೀಸ್ ಸೇರುತ್ತದಾ ಅನ್ನುವುದಕ್ಕೆ ದೇಶಕ್ಕೆಲ್ಲ ಒಂದೇ ಉತ್ತರ ಇಲ್ಲ.

ಬೆಲೆ ತೋರಿಸುವ ರೀತಿಗೂ ಈಗ ನಿಯಮ ಇದೆ. ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ 2025ರ ಮೇ 12ರಿಂದ ಜಾರಿಯಲ್ಲಿದೆ. ಕೊಡಲೇಬೇಕಾದ ಎಲ್ಲ ಫೀಸ್ ಸೇರಿದ ಮೊತ್ತವನ್ನು ಮೊದಲೇ ತೋರಿಸಬೇಕು. ಸರ್ಕಾರದ ತೆರಿಗೆಯನ್ನು ಆ ಮೊತ್ತದಿಂದ ಹೊರಗಿಡಬಹುದು, ಆದರೆ ಗೆಸ್ಟ್ ಹಣ ಕೊಡಲು ಒಪ್ಪುವ ಮುಂಚೆ ಅದೂ ಕಾಣಬೇಕು.

ಹೆಜ್ಜೆ 7: ಎಷ್ಟು ದಿನ ಇದ್ದರೆ ತೆರಿಗೆ ಇಲ್ಲ?

'30 ದಿನ' ಅನ್ನುವುದು ಎಲ್ಲರ ಬಾಯಲ್ಲಿದೆ. ಕ್ಯಾಲಿಫೋರ್ನಿಯಾದಲ್ಲೂ ಟೆಕ್ಸಾಸ್‌ನಲ್ಲೂ ಹೆಚ್ಚೂಕಡಿಮೆ ಅದೇ. ಆದರೆ ಫ್ಲಾರಿಡಾದಲ್ಲಿ ಆರು ತಿಂಗಳವರೆಗಿನ ಬಾಡಿಗೆಗೂ ತೆರಿಗೆ ಇದೆ. ಆರು ತಿಂಗಳಿಗಿಂತ ಹೆಚ್ಚಿನ ಅವಧಿಗೆ ಬರಹದ ಕರಾರು ಇದ್ದರೆ ಮಾತ್ರ ಇಲ್ಲ. ಹವಾಯಿಯಲ್ಲಿ 180 ದಿನ. ನ್ಯೂಯಾರ್ಕ್ ನಗರದ ಹೋಟೆಲ್ ತೆರಿಗೆಗೂ 180 ದಿನ, ಆದರೆ ಅದೇ ಬಿಲ್ಲಿನ ರಾಜ್ಯದ ಸೇಲ್ಸ್ ಟ್ಯಾಕ್ಸ್‌ಗೆ 90.

ಮೂರು ತಿಂಗಳಿಗೆ ಅಂತ ಬರುವ ಟ್ರಾವೆಲ್ ನರ್ಸ್‌ಗಳಿಗೆ ಮನೆ ಕೊಡುವವರು ಇದನ್ನು ಗಮನಿಸಬೇಕು. ಟೆಕ್ಸಾಸ್‌ನಲ್ಲಿ ತೆರಿಗೆ ಇಲ್ಲ, ಫ್ಲಾರಿಡಾದಲ್ಲಿ ಇದೆ. ಟೆಕ್ಸಾಸ್‌ನಲ್ಲೂ ಒಂದು ಷರತ್ತು. ಕನಿಷ್ಠ 30 ದಿನ ಇರುತ್ತೇನೆ ಅಂತ ಗೆಸ್ಟ್ ಮೊದಲೇ ಬರೆದು ಕೊಟ್ಟಿದ್ದರೆ ಆರಂಭದಿಂದಲೇ ವಿನಾಯಿತಿ. ಹಾಗೆ ಕೊಡದೆ ವಾರ ವಾರ ಮುಂದುವರಿಸುತ್ತಾ ಹೋದರೆ ಮೊದಲ 30 ದಿನಕ್ಕೆ ತೆರಿಗೆ ಕೊಡಲೇಬೇಕು. ಮಧ್ಯೆ ಒಂದು ರಾತ್ರಿ ಬಿಟ್ಟು ಹೋದರೂ ಎಣಿಕೆ ಮತ್ತೆ ಒಂದರಿಂದ.

ಹೆಜ್ಜೆ 8: ವಿನಾಯಿತಿ ಕೇಳಿದರೆ ಕಾಗದ ಕೇಳಿ

"ನಾನು ಸರ್ಕಾರಿ ಕೆಲಸಕ್ಕೆ ಬಂದಿದ್ದೇನೆ, ನನಗೆ ತೆರಿಗೆ ಇಲ್ಲ" ಅಂತ ಯಾರಾದರೂ ಹೇಳಬಹುದು. ನಿಜ ಇರಬಹುದು. ಆದರೆ ಬಾಯಿಮಾತಿಗೆ ಬೆಲೆ ಇಲ್ಲ. ವಿದೇಶಿ ರಾಯಭಾರಿಗಳಿಗೆ ಸ್ಟೇಟ್ ಡಿಪಾರ್ಟ್‌ಮೆಂಟ್ (ಅಮೆರಿಕದ ವಿದೇಶಾಂಗ ಇಲಾಖೆ) ಕೊಟ್ಟ ತೆರಿಗೆ ವಿನಾಯಿತಿ ಕಾರ್ಡ್ ಇರುತ್ತದೆ. ಟೆಕ್ಸಾಸ್‌ನಲ್ಲಿ ಧಾರ್ಮಿಕ, ಶಿಕ್ಷಣ ಸಂಸ್ಥೆಗಳಿಗೆ ರಾಜ್ಯದ ಶೇ 6ರಿಂದ ವಿನಾಯಿತಿ ಸಿಗಬಹುದು, ಊರಿನ ತೆರಿಗೆಯಿಂದ ಅಲ್ಲ. ಇಲ್ಲೂ ಪದರ ಪದರವಾಗಿಯೇ ನೋಡಬೇಕು. ಫಾರಂ ತುಂಬಿಸಿಕೊಂಡು, ಗುರುತಿನ ಚೀಟಿ ನೋಡಿ, ನಾಲ್ಕು ವರ್ಷ ಇಟ್ಟುಕೊಳ್ಳಿ.

ಹೆಜ್ಜೆ 9: ಹಣ ಬೇರೆ ಇಡಿ, ರಿಟರ್ನ್ ಹೊತ್ತಿಗೆ ಹಾಕಿ

ತೆರಿಗೆಗೆ ಅಂತಲೇ ಒಂದು ಉಳಿತಾಯ ಖಾತೆ ತೆರೆಯಿರಿ. ಪ್ರತಿ ಪೇಔಟ್ ಬಂದ ದಿನವೇ ತೆರಿಗೆಯ ಭಾಗವನ್ನು ಅಲ್ಲಿಗೆ ಹಾಕಿ. ನಾನು ಇದನ್ನು ಶುರು ಮಾಡಿದ ಮೇಲೆ ತಿಂಗಳ ಕೊನೆಯ ಆತಂಕ ಹೋಯಿತು. ಮನೆಯ ಎಸಿ ಕೆಟ್ಟಾಗ ಆ ಹಣಕ್ಕೆ ಕೈ ಹಾಕುವ ಆಸೆ ಬರುತ್ತದೆ. ದಯವಿಟ್ಟು ಹಾಕಬೇಡಿ.

ಪ್ರತಿ ಬುಕಿಂಗ್‌ಗೂ ಒಂದು ಸಾಲು ಬರೆಯಿರಿ: ಬಂದ ದಿನ, ಹೋದ ದಿನ, ಬಾಡಿಗೆ, ಕ್ಲೀನಿಂಗ್, ಇತರೆ ಫೀಸ್, ಪ್ಲಾಟ್‌ಫಾರ್ಮ್ ಕಟ್ಟಿದ ತೆರಿಗೆ, ನೀವು ಕಟ್ಟಬೇಕಾದದ್ದು. ಸ್ಪ್ರೆಡ್‌ಶೀಟ್ ಸಾಕು. ಬಾಡಿಗೆಗೆ ಕೊಟ್ಟ ರಾತ್ರಿಗಳು, ಖಾಲಿ ರಾತ್ರಿಗಳು ಇದರಿಂದಲೇ ಸಿಗುತ್ತವೆ. ಕೆಲವು ಊರಿನ ಫಾರಂಗಳು ಅದನ್ನೂ ಕೇಳುತ್ತವೆ.

ಟೆಕ್ಸಾಸ್ ರಾಜ್ಯದ ರಿಟರ್ನ್ ಮುಂದಿನ ತಿಂಗಳ 20ಕ್ಕೆ. ತಿಂಗಳಿಗೆ 500 ಡಾಲರಿಗಿಂತ ಕಡಿಮೆ ತೆರಿಗೆ ಬರುವ ಸಣ್ಣವರು ಮೂರು ತಿಂಗಳಿಗೊಮ್ಮೆ ಹಾಕಬಹುದು. ಹೊತ್ತಿಗೆ ಕಟ್ಟಿದರೆ ಶೇ 1 ನಿಮಗೇ ಬಿಡುತ್ತಾರೆ. ತಡವಾದರೆ 30 ದಿನದವರೆಗೆ ಶೇ 5 ದಂಡ, ಆಮೇಲೆ ಶೇ 10. ಇದರ ಜೊತೆ ತಡವಾದ ಪ್ರತಿ ರಿಟರ್ನ್‌ಗೆ 50 ಡಾಲರ್. ಫ್ಲಾರಿಡಾದಲ್ಲೂ ಗಡುವು 20ನೇ ತಾರೀಖು. ಊರು ಮತ್ತು ಕೌಂಟಿಗಳ ಗಡುವು ಇವುಗಳಿಗಿಂತ ಬೇರೆ ಇರಬಹುದು, ಫೋನ್ ಕ್ಯಾಲೆಂಡರಿನಲ್ಲಿ ಒಂದೊಂದನ್ನೂ ಬೇರೆಯಾಗಿ ಹಾಕಿ.

ಒಂದು ಮಾತು ದಪ್ಪ ಅಕ್ಷರದಲ್ಲಿ ಹೇಳಬೇಕು: ಒಬ್ಬ ಗೆಸ್ಟ್ ಕೂಡ ಬಾರದ ತಿಂಗಳಲ್ಲೂ ಸೊನ್ನೆ ಅಂತ ರಿಟರ್ನ್ ಹಾಕಿ. ಮೇಲಿನ 50 ಡಾಲರ್ ದಂಡಕ್ಕೆ ತೆರಿಗೆ ಬಾಕಿ ಇರಲೇಬೇಕು ಅಂತಿಲ್ಲ. ಖಾಲಿ ಚಳಿಗಾಲದ ಮೂರು ತಿಂಗಳು ಸುಮ್ಮನಿದ್ದದ್ದಕ್ಕೆ 150 ಡಾಲರ್ ಕೊಟ್ಟವರು ಇದ್ದಾರೆ.

ಆದಾಯ ತೆರಿಗೆ ಜೊತೆ ಬೆರೆಸಬೇಡಿ

ವರ್ಷಕ್ಕೆ 15 ದಿನಕ್ಕಿಂತ ಕಡಿಮೆ ಬಾಡಿಗೆಗೆ ಕೊಟ್ಟರೆ, ಮತ್ತು ಆ ಮನೆಯಲ್ಲಿ ನೀವೂ ವಾಸ ಮಾಡುತ್ತಿದ್ದರೆ, ಆ ಬಾಡಿಗೆಗೆ ಫೆಡರಲ್ ಆದಾಯ ತೆರಿಗೆ ಇಲ್ಲ. ಈ ನಿಯಮ ಕೇಳಿದವರು ಲಾಡ್ಜಿಂಗ್ ಟ್ಯಾಕ್ಸೂ ಇಲ್ಲ ಅಂದುಕೊಳ್ಳುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ. ದೊಡ್ಡ ಪಂದ್ಯವಿದ್ದ ಒಂದೇ ವಾರಾಂತ್ಯ ಕೊಟ್ಟರೂ ಊರಿನ ತೆರಿಗೆ ಇರಬಹುದು.

ಇನ್ನೊಂದು, ಪ್ಲಾಟ್‌ಫಾರ್ಮ್ ಕಳಿಸುವ 1099-ಕೆ ಫಾರಂನಲ್ಲಿ ಇರುವುದು ಕಡಿತಕ್ಕೆ ಮುಂಚಿನ ಮೊತ್ತ. ನಿಮ್ಮ ಕೈ ಮೂಲಕ ಹೋದ ಲಾಡ್ಜಿಂಗ್ ಟ್ಯಾಕ್ಸ್ ಅದರಲ್ಲಿ ಸೇರಿದ್ದರೆ, ಕಟ್ಟಿದ ರಸೀದಿಗಳನ್ನು ಸಿಪಿಎಗೆ (ಲೆಕ್ಕ ನೋಡುವ ಅಕೌಂಟೆಂಟ್) ಕೊಟ್ಟು ಅದನ್ನು ಖರ್ಚಿನಲ್ಲಿ ತೋರಿಸಿ. ಇಲ್ಲದಿದ್ದರೆ ನಿಮ್ಮದಲ್ಲದ ದುಡ್ಡಿಗೆ ನೀವು ಆದಾಯ ತೆರಿಗೆ ಕಟ್ಟಿದಂತಾಗುತ್ತದೆ.

ಈಗಾಗಲೇ ಬಾಕಿ ಇದ್ದರೆ

ಹೆದರಿ ಕೂರಬೇಡಿ, ಹಾಗಂತ ಕಾಯಲೂ ಬೇಡಿ. ರಿಟರ್ನ್ ಹಾಕದ ಅವಧಿಗೆ ಸಾಮಾನ್ಯವಾಗಿ ಕಾಲಮಿತಿಯೇ ಶುರುವಾಗುವುದಿಲ್ಲ. ಎಷ್ಟು ಹಿಂದಕ್ಕೆ ಬೇಕಾದರೂ ಅವರು ಹೋಗಬಹುದು. ಟೆಕ್ಸಾಸ್, ಫ್ಲಾರಿಡಾ ಸೇರಿದಂತೆ ಹಲವು ರಾಜ್ಯಗಳಲ್ಲಿ 'ವಾಲಂಟರಿ ಡಿಸ್‌ಕ್ಲೋಶರ್' ಅಂತ ಒಂದು ದಾರಿ ಇದೆ. ನೀವಾಗಿಯೇ ಮುಂದೆ ಬಂದು ಹೇಳಿದರೆ ಹಿಂದಿನ ಕೆಲವೇ ವರ್ಷಗಳ ಲೆಕ್ಕ ಕೇಳಿ ದಂಡ ಬಿಡುವ ಅಥವಾ ಕಡಿಮೆ ಮಾಡುವ ವ್ಯವಸ್ಥೆ ಇದು. ಆದರೆ ಇದು ತೆರೆದಿರುವುದು ಕಚೇರಿ ನಿಮ್ಮನ್ನು ಸಂಪರ್ಕಿಸುವ ಮುಂಚೆ ಮಾತ್ರ. ಪತ್ರ ಕೈಗೆ ಬಂದ ಮೇಲೆ ಬಾಗಿಲು ಮುಚ್ಚಿದಂತೆ. ನಮಗೆ ಆದದ್ದು ಅದೇ.

ಊರಿನ ತೆರಿಗೆ ಬಾಕಿಗೆ ಆ ಊರಿನ ಹಣಕಾಸು ಕಚೇರಿಯ ಜೊತೆ ನೇರ ಮಾತಾಡಬೇಕು. ಎಲ್ಲ ಬುಕಿಂಗ್‌ಗಳ ಪಟ್ಟಿ, ತಿಂಗಳವಾರು ಲೆಕ್ಕ ಸಿದ್ಧ ಮಾಡಿಕೊಂಡು ಹೋಗಿ. ಪೂರ್ತಿ ತೆರಿಗೆ ಒಮ್ಮೆಗೇ ಕಟ್ಟುತ್ತೇನೆ, ದಂಡ ಕಡಿಮೆ ಮಾಡಿ ಅಂತ ಬರೆದು ಕೇಳಿ. ಮೊತ್ತ ದೊಡ್ಡದಾದರೆ ಈ ತೆರಿಗೆ ಗೊತ್ತಿರುವ ಸಿಪಿಎ ಅಥವಾ ವಕೀಲರನ್ನು ಮೊದಲೇ ಹಿಡಿಯಿರಿ.

ಮನೆ ಕೊಳ್ಳುವಾಗ, ಮಾರುವಾಗ

ನಡೆಯುತ್ತಿರುವ ಬಾಡಿಗೆ ಮನೆಯನ್ನು ಬುಕಿಂಗ್ ಸಮೇತ ಕೊಳ್ಳುತ್ತಿದ್ದೀರಾ? ಹಳೆಯ ಯಜಮಾನರ ಬಾಕಿ ನಿಮ್ಮ ತಲೆಗೆ ಬರಬಹುದು. ಟೆಕ್ಸಾಸ್ ಕಾನೂನಿನಲ್ಲಿ ಹಾಗಿದೆ. ಬಾಕಿ ಇಲ್ಲ ಅನ್ನುವ ಪತ್ರವನ್ನು ರಾಜ್ಯದಿಂದಲೂ ಊರಿನಿಂದಲೂ ತರಿಸಿಕೊಂಡು ಕ್ಲೋಸಿಂಗ್‌ಗೆ (ಮಾರಾಟ ಮುಗಿಸುವ ದಿನಕ್ಕೆ) ಬರಲು ಮಾರುವವರಿಗೆ ಹೇಳಿ. ಅದು ಬರುವವರೆಗೆ ಸ್ವಲ್ಪ ಹಣ ಎಸ್ಕ್ರೊದಲ್ಲಿ, ಅಂದರೆ ಮೂರನೆಯವರ ಖಾತೆಯಲ್ಲಿ ಉಳಿಸಿ.

ಮಾರಿದರೆ, ಅಥವಾ ದಿನದ ಬಾಡಿಗೆ ನಿಲ್ಲಿಸಿ ವರ್ಷದ ಬಾಡಿಗೆಗೆ ಕೊಟ್ಟರೆ, ಪ್ರತಿ ಕಚೇರಿಗೂ 'ಕೊನೆಯ ರಿಟರ್ನ್' ಅಂತ ಗುರುತು ಹಾಕಿ ಕಳಿಸಿ, ಖಾತೆ ಮುಚ್ಚಲು ಬರೆಯಿರಿ. ಮುಚ್ಚದ ಖಾತೆಗೆ ತಿಂಗಳು ತಿಂಗಳು ದಂಡ ಏರುತ್ತಾ ಹೋಗುತ್ತದೆ, ಪತ್ರಗಳು ಹಳೆಯ ವಿಳಾಸಕ್ಕೆ ಹೋಗುತ್ತವೆ. ಖಾತೆ ಮುಚ್ಚಿದೆ ಅನ್ನುವ ಉತ್ತರ ಬಂದ ಮೇಲೂ ರಸೀದಿಗಳ ಫೈಲನ್ನು ನಾಲ್ಕು ವರ್ಷ ಎಸೆಯಬೇಡಿ.